ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ?



2004ರ ಕರ್ನಾಟಕ ವಿಧಾನಸಭಾ ಚುನಾವಣೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂತು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದದ್ದು 40,751. ಒಂದೇ ಒಂದು ಮತದ ಅಂತರ! "ನನ್ನದೊಂದು ವೋಟಿನಿಂದ ಏನಾಗುತ್ತೆ ಬಿಡಿ" ಎನ್ನುವವರಿಗೆ ಇಂದಿಗೂ ಈ ಲೆಕ್ಕವನ್ನೇ ತೋರಿಸುತ್ತಾರೆ.

ಚುನಾವಣೆಯಲ್ಲಿ ಎರಡು ಬಗೆಯ ತಪ್ಪು ನಡೆಯಬಹುದು. ಹಕ್ಕಿಲ್ಲದವರು ಮತ ಹಾಕಿಬಿಡುವುದು ಒಂದು. ಹಕ್ಕಿರುವವರು ಪಟ್ಟಿಯಲ್ಲಿ ಹೆಸರಿಲ್ಲದೆ ಬರಿಗೈಯಲ್ಲಿ ವಾಪಸಾಗುವುದು ಇನ್ನೊಂದು. ಮೊದಲನೆಯ ತಪ್ಪಿನ ಬಗ್ಗೆ ಗದ್ದಲವಾಗುತ್ತದೆ. ಎರಡನೆಯದು ಸದ್ದಿಲ್ಲದೆ ನಡೆದುಹೋಗುತ್ತದೆ. ನಮ್ಮ ಮತದಾರರ ಪಟ್ಟಿಯ ಇತಿಹಾಸವೆಂದರೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಕಥೆ. ಬನ್ನಿ, ಇವತ್ತು ಆ ಕಥೆಯನ್ನು ಸ್ವಲ್ಪ ನೋಡೋಣ.

ಮೊದಲ ಪಟ್ಟಿಯ ಕೆಲಸ ಶುರುವಾದದ್ದು 1948ರಲ್ಲಿ. ಆಗಿನ್ನೂ ಸಂವಿಧಾನ ಬರೆದು ಮುಗಿದಿರಲಿಲ್ಲ, ಚುನಾವಣಾ ಆಯೋಗ ಹುಟ್ಟಿರಲಿಲ್ಲ. ಕೆಲಸ ನಡೆದದ್ದು ಸಂವಿಧಾನ ಸಭೆಯ ಸಚಿವಾಲಯದಿಂದ. ಆ ಸಭೆಯ ಸಂವಿಧಾನ ಸಲಹೆಗಾರರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಬ್ರಿಟಿಷರ ಕಾಲದಲ್ಲಿ ಮತದ ಹಕ್ಕು ಆಸ್ತಿ, ತೆರಿಗೆ, ವಿದ್ಯೆ ಇದ್ದ ಕೆಲವರಿಗೆ ಮಾತ್ರ ಇತ್ತು. ಈಗ 21 ವರ್ಷ ತುಂಬಿದ ಪ್ರತಿಯೊಬ್ಬರ ಹೆಸರೂ ಬರೆಯಬೇಕಿತ್ತು. ಆ ವರ್ಷ ಮಾರ್ಚ್ 31ಕ್ಕೆ ಮುಗಿದ ಸಾಲಿನಲ್ಲಿ ಕನಿಷ್ಠ 180 ದಿನ ಅಲ್ಲಿ ವಾಸವಿರಬೇಕು ಎಂಬುದು ನಿಯಮ.

ಆದರೆ ದೇಶ ಆಗ ತಾನೇ ಎರಡಾಗಿತ್ತು. ಲಕ್ಷಾಂತರ ನಿರಾಶ್ರಿತರು ಶಿಬಿರಗಳಲ್ಲಿದ್ದರು. ಅವರು 180 ದಿನದ ಲೆಕ್ಕವನ್ನು ಎಲ್ಲಿಂದ ತರಬೇಕು? ಮನೆ ಬಿಟ್ಟು ಓಡಿಬಂದವರ ಬಳಿ ಕಾಗದಪತ್ರ ಎಲ್ಲಿರುತ್ತದೆ? ಆಗ ಅಧಿಕಾರಿಗಳು ತೆಗೆದುಕೊಂಡ ತೀರ್ಮಾನ ಇವತ್ತಿಗೂ ಓದುವಂಥದ್ದು. ಇಲ್ಲಿಯೇ ಶಾಶ್ವತವಾಗಿ ನೆಲೆಸುತ್ತೇನೆ ಎಂದು ನಿರಾಶ್ರಿತ ಘೋಷಿಸಿದರೆ ಸಾಕು, ಸದ್ಯಕ್ಕೆ ಹೆಸರು ಸೇರಿಸಿಕೊಳ್ಳಿ ಎಂದು ಸೂಚನೆ ಹೋಯಿತು. ಅನುಮಾನದ ಕಾಲದಲ್ಲಿ ತಕ್ಕಡಿ ಜನರ ಕಡೆಗೆ ವಾಲಿತು.

ಹಾಗಂತ ಆ ಪಟ್ಟಿಯಲ್ಲಿ ಎಲ್ಲರೂ ಸೇರಿಬಿಟ್ಟರೆಂದು ತಿಳಿಯಬೇಡಿ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ 1950ರಲ್ಲಿ ಅಧಿಕಾರ ವಹಿಸಿಕೊಂಡರು. ಪಟ್ಟಿ ನೋಡಿದರೆ ಉತ್ತರ ಭಾರತದ ಹಲವು ಕಡೆ ಹೆಂಗಸರಿಗೆ ಹೆಸರೇ ಇಲ್ಲ! 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದಷ್ಟೇ ಬರೆಸಿದ್ದರು. ಪರರೆದುರು ಹೆಸರು ಹೇಳಬಾರದೆಂಬ ಸಂಪ್ರದಾಯ. ಹೆಸರಿಲ್ಲದವರನ್ನು ಮತಗಟ್ಟೆಯಲ್ಲಿ ಗುರುತಿಸುವುದು ಹೇಗೆ? ಸ್ವಂತ ಹೆಸರು ಹೇಳದವರನ್ನು ಕೈಬಿಡಿ ಎಂದು ಸೇನ್ ಆದೇಶಿಸಿದರು. ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಹೆಂಗಸರು ಹೀಗೆ ಹೊರಗುಳಿದರು. ಇದರಿಂದ ಎದ್ದ ಗದ್ದಲವೇ ಮುಂದಿನ ಚುನಾವಣೆಯ ಹೊತ್ತಿಗೆ ಆ ಹಿಂಜರಿಕೆಯನ್ನು ಓಡಿಸುತ್ತದೆ ಎಂಬುದು ಸೇನರ ನಂಬಿಕೆ. ಅದು ನಿಜವೇ ಇರಬಹುದು. ಆದರೆ 1951-52ರ ಆ ಮೊದಲ ಮತದಾನ ಆ 28 ಲಕ್ಷ ಮಂದಿಗೆ ಮತ್ತೆ ಸಿಗಲಿಲ್ಲ.

ಇನ್ನು ಕಳ್ಳ ಮತದ ಮಾತಿಗೆ ಬರೋಣ. ಬೇರೆಯವರ ಹೆಸರಿನಲ್ಲಿ ಮತ ಹಾಕುವುದು ನಮ್ಮ ದಂಡ ಸಂಹಿತೆಗೆ ಅಪರಾಧವಾಗಿ ಸೇರಿದ್ದು 1920ರಲ್ಲಿ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಅಪರಾಧವೇ. ಆದರೆ ಕಾನೂನಿನ ಪುಸ್ತಕಕ್ಕಿಂತ ಹೆಚ್ಚಿಗೆ ಕೆಲಸ ಮಾಡಿದ್ದು ಒಂದು ಹನಿ ಶಾಯಿ. 1962ರ ಮೂರನೆಯ ಮಹಾಚುನಾವಣೆಯಿಂದ ಈ ಶಾಯಿ ನಮ್ಮ ಮೈಸೂರಿನಿಂದಲೇ ಬರುತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಗುಲಿ, ಬೆಳಕಿಗೆ ಕಪ್ಪಾಗಿ ಕೂರುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗದು. ಉಗುರು ಬೆಳೆದು ಹೊರಬೀಳುವ ತನಕ ಗುರುತು ಉಳಿಯುತ್ತದೆ. ಮುಂಬಯಿಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಮತ ಹಾಕಿ ಬಂದು ನೀವು ತೋರಿಸುವ ಬೆರಳಿನಲ್ಲಿ ಮೈಸೂರಿದೆ!

ಈ ಶಾಯಿಯ ಗುಣವೊಂದನ್ನು ಗಮನಿಸಿ. ಅದು ಎರಡನೆಯ ಸಲ ಬರುವವರನ್ನು ತಡೆಯುತ್ತದೆ, ಮೊದಲ ಸಲ ಬರುವವರಿಗೆ ಅಡ್ಡಿ ಮಾಡುವುದಿಲ್ಲ.

ಮತಗಟ್ಟೆಯ ನಿಯಮಗಳೂ ಹೀಗೇ ಇವೆ. ಬಂದವರು ನಿಜವಾದ ಮತದಾರರಲ್ಲ ಎಂದು ಪಕ್ಷದ ಏಜೆಂಟರಿಗೆ ಅನುಮಾನ ಬಂದರೆ ಸುಮ್ಮನೆ ಕೂಗಾಡುವಂತಿಲ್ಲ. 1961ರ ನಿಯಮಗಳ ಪ್ರಕಾರ 2 ರೂಪಾಯಿ ಠೇವಣಿ ಕಟ್ಟಿ ಆಕ್ಷೇಪಿಸಬೇಕು. ಮತಗಟ್ಟೆ ಅಧಿಕಾರಿ ಅಲ್ಲೇ ವಿಚಾರಣೆ ಮಾಡುತ್ತಾರೆ. ಆಕ್ಷೇಪ ಸಾಬೀತಾಗದಿದ್ದರೆ ಮತದಾರ ಮತ ಹಾಕುತ್ತಾನೆ. ಬೇಕೆಂದೇ ಮಾಡಿದ ಆಕ್ಷೇಪವಾದರೆ ಠೇವಣಿ ಸರ್ಕಾರಕ್ಕೆ. ಅಂದರೆ ಸಾಬೀತು ಮಾಡುವ ಹೊರೆ ಬೆರಳು ತೋರಿಸಿದವರ ಮೇಲೆ. ಹಾಗೆಯೇ, ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಯಾರೋ ಮತ ಹಾಕಿಬಿಟ್ಟಿದ್ದರೆ ಸಪ್ಪೆ ಮುಖ ಮಾಡಿಕೊಂಡು ಬರಬೇಡಿ. ನಿಮ್ಮ ಗುರುತನ್ನು ಖಚಿತಪಡಿಸಿದರೆ 'ಟೆಂಡರ್ಡ್' ಮತಪತ್ರ ಕೊಡಬೇಕೆಂಬ ನಿಯಮವಿದೆ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಗೆ ಅದು ಸೇರದಿದ್ದರೂ, ವಿವಾದ ನ್ಯಾಯಾಲಯಕ್ಕೆ ಹೋದಾಗ ದಾಖಲೆಯಾಗಿ ಇರುತ್ತದೆ.

1990ರ ಡಿಸೆಂಬರಿನಲ್ಲಿ ಟಿ.ಎನ್. ಶೇಷನ್ ಬಂದರು. ನೀತಿ ಸಂಹಿತೆಗೆ ಹಲ್ಲು ಬಂದದ್ದು ಅವರ ಕಾಲದಲ್ಲಿ. 1993ರಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿಗೂ ಅವರ ಆಯೋಗವೇ ಆದೇಶ ಹೊರಡಿಸಿತು. ಆದರೆ ಅದೇ ಕಾಲದಲ್ಲಿ ತಕ್ಕಡಿ ಇನ್ನೊಂದು ಕಡೆಗೂ ವಾಲಿತು. ದೆಹಲಿ ಮತ್ತು ಮುಂಬಯಿಯ ಕೆಲವು ಬಡಾವಣೆಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಸಾವಿರಾರು ಜನರಿಗೆ ನೋಟೀಸು ಬಂತು. ನೀವು ಭಾರತದ ಪೌರರೆಂದು ಸಾಬೀತು ಮಾಡಿ, ಇಲ್ಲದಿದ್ದರೆ ಹೆಸರು ತೆಗೆಯುತ್ತೇವೆ ಎಂದು! ಅವರಲ್ಲಿ ಹಲವರು ಹಿಂದಿನ ಚುನಾವಣೆಗಳಲ್ಲಿ ಮತ ಹಾಕಿದ್ದವರೇ.

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಲಾಲ್ ಬಾಬು ಹುಸೇನ್ ಪ್ರಕರಣವೆಂದೇ ಅದು ಪ್ರಸಿದ್ಧ. 1995ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಹೆಸರು ಈಗಾಗಲೇ ಪಟ್ಟಿಯಲ್ಲಿದೆ ಎಂದರೆ, ಸರಿಯಾದ ವಿಚಾರಣೆ ಮಾಡಿಯೇ ಸೇರಿಸಿದ್ದಾರೆಂದು ಭಾವಿಸಬೇಕು. ತೆಗೆಯುವುದಾದರೆ ಅನುಮಾನಕ್ಕೆ ಆಧಾರವೇನೆಂದು ಮೊದಲು ಆ ವ್ಯಕ್ತಿಗೆ ತಿಳಿಸಬೇಕು. ಅವರ ಮಾತು ಕೇಳಬೇಕು, ಅವರು ತರುವ ದಾಖಲೆಗಳನ್ನೆಲ್ಲ ಪರಿಶೀಲಿಸಬೇಕು. ಪೊಲೀಸರ ವರದಿಯೊಂದನ್ನೇ ನೆಚ್ಚಿಕೊಂಡು ತೀರ್ಮಾನ ಮಾಡುವಂತಿಲ್ಲ.

ಮೂವತ್ತು ವರ್ಷದ ನಂತರ ಅದೇ ಮಾತು ಮತ್ತೆ ಬೇಕಾಯಿತು. 2025ರಲ್ಲಿ ಬಿಹಾರದಲ್ಲಿ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆಯಿತು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹಳೆಯ ಹೆಸರುಗಳು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂದು ಆಯೋಗ ಕಾರಣ ಹೇಳಿತು. ಹಾಗಿದ್ದರೆ ಬಿಟ್ಟುಹೋದ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಆದೇಶಿಸಿತು. ಅಕ್ಟೋಬರಿನಲ್ಲಿ ಈ ಪರಿಷ್ಕರಣೆಯನ್ನು ತಮಿಳುನಾಡು ಸೇರಿದಂತೆ ಇನ್ನೂ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಆಯೋಗ ವಿಸ್ತರಿಸಿತು.

'ಊರು ಬಿಟ್ಟವರು' ಎಂಬ ಮಾತು ಕಿವಿಗೆ ಬಿತ್ತೇ, ಮಿತ್ರರೇ? ಅದು ನಾವೇ. ಊರಿನಲ್ಲಿ ಹಂಚಿನ ಮನೆ, ಇಲ್ಲಿ ಬಾಡಿಗೆಯ ಫ್ಲ್ಯಾಟು. ಊರಿನ ಪಟ್ಟಿಯಲ್ಲಿ ಹೆಸರಿದ್ದರೆ ಇರಲಿ ಬಿಡಿ, ಇಲ್ಲೊಂದು ಕಾರ್ಡು ಮಾಡಿಸೋಣ ಎನ್ನುವವರು ನಮ್ಮಲ್ಲಿ ಇಲ್ಲದಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಇಲ್ಲಿ ಸ್ಪಷ್ಟವಾಗಿದೆ. ಮನೆ ಇದೆ ಎಂಬ ಒಂದೇ ಕಾರಣಕ್ಕೆ ನೀವು ಆ ಊರಿನ ವಾಸಿಯಾಗುವುದಿಲ್ಲ. ತಾತ್ಕಾಲಿಕವಾಗಿ ಹೊರಗಿದ್ದೀರೆಂದು ವಾಸ ತಪ್ಪಿಯೂ ಹೋಗುವುದಿಲ್ಲ. ಎರಡು ಕ್ಷೇತ್ರಗಳಲ್ಲಿ ಹೆಸರಿರಬಾರದು. ಸುಳ್ಳು ಘೋಷಣೆ ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಆಗಬಹುದು. ಎರಡು ಕ್ಷೇತ್ರಗಳಲ್ಲಿ ಮತ ಹಾಕಿದರೆ ಎರಡೂ ಅಸಿಂಧು.

ಆದ್ದರಿಂದ ನೀವು ನಿಜವಾಗಿ ಬದುಕುತ್ತಿರುವುದು ಎಲ್ಲಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನೀರಿನ ಬಿಲ್ಲು, ಮಕ್ಕಳ ಶಾಲೆ, ರಸ್ತೆಯ ಗುಂಡಿ ಯಾವ ಊರಿನದ್ದೋ ಆ ಊರಿನ ಪಟ್ಟಿಗೆ ನಮೂನೆ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಿ. 18 ತುಂಬಿದ ಮಗ, ಮಗಳಿಗೆ ನಮೂನೆ 6. ಕೈಯಲ್ಲಿ ಕಾರ್ಡ್ ಇದೆಯೆಂದು ನಿಶ್ಚಿಂತೆಯಿಂದ ಇರಬೇಡಿ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಸಹಾಯವಾಣಿ ಸಂಖ್ಯೆ 1950, ಕಾಯಿದೆ ಬಂದ ವರ್ಷವೇ. ಮರೆಯುವುದು ಕಷ್ಟ!

ಅಂದು ಹೆಸರು ಹೇಳಲು ನಾಚಿದ 28 ಲಕ್ಷ ಹೆಂಗಸರನ್ನು ಒಮ್ಮೆ ನೆನೆಯಿರಿ. ಅವರಿಗಾಗಿ ಅವರ ಹೆಸರನ್ನು ಬೇರೆ ಯಾರೂ ಹೇಳಲಿಲ್ಲ. ನಮ್ಮ ಹೆಸರನ್ನು ನಾವೇ ಹೇಳಿ ಬರೆಸೋಣ, ಬರೆಸಿದ ಮೇಲೆ ಆಗಾಗ ನೋಡಿಕೊಳ್ಳುತ್ತಿರೋಣ.

ಮತ್ತೆ ಸಿಗೋಣ. ಕೇಳುತ್ತಿರಿ.