‘ಸಂಸ್ಕಾರ’ ಚಿತ್ರದ ಪುನರ್ವಿಮರ್ಶೆ

ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮರೆಡ್ಡಿಯವರು 1970ರಲ್ಲಿ ಚಿತ್ರಕ್ಕಿಳಿಸಿದರು. ಚಿತ್ರೀಕರಣವು ನಡೆದುದು ನಮ್ಮ ನೆರೆಸೀಮೆಯಾದ ಶೃಂಗೇರಿಯ ಬಳಿ. ಮೊದಲು ಮದರಾಸಿನ ಸೆನ್ಸಾರ್ ಮಂಡಲಿಯು ನಿಷೇಧಿಸಿದ ಈ ಚಿತ್ರಕ್ಕೇ ಬಳಿಕ ರಾಷ್ಟ್ರಪತಿಗಳ ಸ್ವರ್ಣಪದಕವು ಲಭಿಸಿತು.

ಆ ಪದಕದ ಪ್ರಭೆಯಲ್ಲಿ ದೋಷಗಳು ಮರೆಯಾದುವೆಂದು ಹೇಳದೆ ವಿಧಿಯಿಲ್ಲ. ಪ್ರಾಣೇಶಾಚಾರ್ಯರ ಅಂತರಂಗದ ತುಮುಲವನ್ನು ಕಾದಂಬರಿಯು ಪುಟಗಟ್ಟಲೆ ಬಿಡಿಸಿಟ್ಟಿದೆ. ಗಿರೀಶ ಕಾರ್ನಾಡರ ಮುಖವೊಂದೇ ಅಷ್ಟು ಭಾರವನ್ನು ಹೊರಲಾರದು. ಮಾತುಗಳಿಗೂ ರಂಗಭೂಮಿಯ ಬಿಗಿಯು ಅಂಟಿಕೊಂಡಿದೆ. (ನಟರಲ್ಲಿ ಹಲವರು ನಾಟಕದವರೇ ಅಲ್ಲವೆ!)

ಆದರೆ ವಾಚಕರು ಸಂಭಾಷಣೆಯನ್ನು ಮರೆತು ಒಮ್ಮೆ ನೋಡಲಿ. ಆಸ್ಟ್ರೇಲಿಯದ ಟಾಮ್ ಕೋವನ್ನರು ಹಿಡಿದ ಕಪ್ಪುಬಿಳುಪಿನ ನೆಳಲುಬೆಳಕಿನಲ್ಲಿ, ನಾರಣಪ್ಪನ ಶವವು ಸಂಸ್ಕಾರವಿಲ್ಲದೆ ಬಿದ್ದಿರುವ ಅಗ್ರಹಾರವೇ ಧರ್ಮಸಂಕಟವನ್ನು ನುಡಿಯುತ್ತದೆ. ಚಂದ್ರಿಯ ಪಾತ್ರ ವಹಿಸಿದ, ತುರ್ತುಪರಿಸ್ಥಿತಿಯಲ್ಲಿ ಸೆರೆವಾಸವನ್ನನುಭವಿಸಿ 1977ರಲ್ಲಿ ತೀರಿಕೊಂಡ ಸ್ನೇಹಲತಾರೆಡ್ಡಿಯವರಿಗೆ ಇಲ್ಲಿ ಮಾತು ವಿರಳ. ಚಿತ್ರವು ಗೆದ್ದಿರುವುದು ಅಂತಹ ಮೌನದೆಡೆಗಳಲ್ಲಿಯೇ.