ನಕ್ಷತ್ರದ ಸಿಪ್ಪೆ ಸುಲಿದವರಾರು?

1947ರಲ್ಲಿ ಹ್ಯೂಮಸನ್ ಮತ್ತು ಜ್ವಿಕಿ ಕೆಲವು ಮಸುಕಾದ ನೀಲಿ ನಕ್ಷತ್ರಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಹಲವನ್ನು ಶ್ವೇತಕುಬ್ಜ ಎನ್ನೋಣವೆಂದರೆ ಗಾತ್ರ ಹೆಚ್ಚು, ಮಾಮೂಲಿ ನೀಲಿ ನಕ್ಷತ್ರ ಎನ್ನೋಣವೆಂದರೆ ಬೆಳಕು ಸಾಲದು. ಈ ನಡುವಿನ ಜಾತಿಗೆ ಬಿಸಿ ಉಪಕುಬ್ಜ ಎಂಬ ಹೆಸರು ನಿಂತಿತು.

1986ರಲ್ಲಿ ಉಲ್ರಿಚ್ ಹೇಬರ್ ಇವುಗಳ ಒಳಗನ್ನು ವಿವರಿಸಿದರು: ಸೂರ್ಯನ ಅರ್ಧದಷ್ಟು ತೂಕದ, ಹೀಲಿಯಂ ಉರಿಸುತ್ತಿರುವ ತಿರುಳು, ಮೇಲೆ ತೀರಾ ತೆಳುವಾದ ಹೈಡ್ರೋಜನ್ ಪದರ. ಮೈಶಾಖ 20,000 ಡಿಗ್ರಿಗೂ ಮೇಲೆ. ಅಂದರೆ ಕೆಂಪು ದೈತ್ಯವೊಂದು ಹೊದಿಕೆಯನ್ನೆಲ್ಲ ಕಳೆದುಕೊಂಡು ಉಳಿದದ್ದು ಇದು. ಮಂಡಗದ್ದೆ ಸುತ್ತಿನ ಅಡಿಕೆ ಬೆಳೆಗಾರರಿಗೆ ಮುಂದಿನ ಪ್ರಶ್ನೆ ತಾನಾಗಿಯೇ ಹೊಳೆದೀತು: ಅಡಿಕೆ ತಾನೇ ಸಿಪ್ಪೆ ಬಿಡುವುದಿಲ್ಲ, ಸುಲಿದವರು ಯಾರು?

ಜೊತೆಗಾರ ನಕ್ಷತ್ರವೇ ಇರಬೇಕು ಎಂದು ಮೆಂಗಲ್ ಮತ್ತು ಸಂಗಡಿಗರು 1976ರಲ್ಲೇ ಊಹಿಸಿದ್ದರು. ಪುರಾವೆಗೆ ಕಾಲು ಶತಮಾನ ಹಿಡಿಯಿತು. 2001ರಲ್ಲಿ ಮ್ಯಾಕ್ಸ್‌ಟೆಡ್ ತಂಡ ವೇಗಗಳನ್ನು ಅಳೆದು, ಇವುಗಳಲ್ಲಿ ಮೂರರಲ್ಲಿ ಎರಡು ಪಾಲು ಬಿಗಿಯಾದ ಜೋಡಿಗಳಲ್ಲಿವೆ ಎಂದು ತೋರಿಸಿತು. ಹಿಂದೆಯೇ ಹಾನ್ ಝಾನ್‌ವೆನ್ ತಂಡ 2002-03ರಲ್ಲಿ ಮೂರು ದಾರಿ ಮುಂದಿಟ್ಟಿತು. ದೈತ್ಯದ ಹೊದಿಕೆಯೊಳಗೇ ಜೊತೆಗಾರ ಮುಳುಗಿ, ಒಳಕ್ಕೆ ಸುತ್ತುತ್ತ ಅದನ್ನು ಹೊರಗೆಸೆಯಬಹುದು. ಆಗ ಉಳಿಯುವ ಜೋಡಿ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಸುತ್ತು ಮುಗಿಸುತ್ತದೆ. ಅನಿಲ ನಿಧಾನವಾಗಿ ಜೊತೆಗಾರನಿಗೆ ಹರಿದರೆ ಜೋಡಿ ದೂರ ಸರಿಯುತ್ತದೆ, ಒಂದು ಸುತ್ತಿಗೆ ವರ್ಷಗಳೇ ಬೇಕು. ಎರಡು ಹೀಲಿಯಂ ಶ್ವೇತಕುಬ್ಜಗಳು ಕೂಡಿ ಒಂದಾದರೆ ಒಂಟಿ ಉಪಕುಬ್ಜ. ಮೂರನೆಯದು ನೇರವಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ವಾದ ಹೆಚ್ಚು ನಡೆದಿರುವುದೂ ಅಲ್ಲಿಯೇ.

ನಮ್ಮವರ ಕೊಡುಗೆ ನೇರಳಾತೀತ ಬೆಳಕಿನದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ, ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಣೆಗೊಂಡ ಯುವಿಟ್ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಮೇಲೇರಿತು. ಮಾಮೂಲಿ ಬೆಳಕಿನಲ್ಲಿ ದೊಡ್ಡ ಜೊತೆಗಾರನ ಪ್ರಭೆಗೆ ಮರೆಯಾಗುವ ಪುಟ್ಟ ಬಿಸಿ ನಕ್ಷತ್ರ ನೇರಳಾತೀತದಲ್ಲಿ ಸಿಕ್ಕಿಬೀಳುತ್ತದೆ. ಕಿಂಗ್ 2 ಎಂಬ ಸುಮಾರು 600 ಕೋಟಿ ವರ್ಷ ಹಳೆಯ ನಕ್ಷತ್ರಗುಚ್ಛದಲ್ಲಿ, ಇರಬೇಕಾದ್ದಕ್ಕಿಂತ ಎಳೆಯದಾಗಿ ಕಾಣುವ ಕೆಲವು ನಕ್ಷತ್ರಗಳ ಪಕ್ಕ ಉಪಕುಬ್ಜಗಳಂಥ ಜೊತೆಗಾರರಿವೆ ಎಂದು ವಿಕ್ರಾಂತ್ ಜಾಧವ್, ಅನ್ನಪೂರ್ಣಿ ಸುಬ್ರಮಣಿಯಂ ಮತ್ತಿತರರು 2021ರಲ್ಲಿ ವರದಿ ಮಾಡಿದರು. ಸುಲಿದವರ ಪತ್ತೆಯ ಜೊತೆಗೆ, ಸುಲಿದದ್ದನ್ನು ಉಂಡು ಯೌವನ ಪಡೆದವರ ಪತ್ತೆಯೂ ಆಯಿತು.

ಇಂಗ್ರಿಡ್ ಪೆಲಿಸೋಲಿ ತಂಡ 2020ರಲ್ಲಿ, ಜೊತೆಗಾರನಿಲ್ಲದೆ ಉಪಕುಬ್ಜ ಹುಟ್ಟುವುದೇ ಇಲ್ಲ ಎನ್ನುವಷ್ಟು ದೂರ ಹೋಯಿತು. ನಮ್ಮ ನೆರೆಯ ನಕ್ಷತ್ರಗಳ ಮಟ್ಟಿಗೆ ಒಪ್ಪಬಹುದು. ಎನ್‌ಜಿಸಿ 6752ರಂಥ ಗೋಳಗುಚ್ಛ ಒಪ್ಪುವುದಿಲ್ಲ: ಅಲ್ಲಿನ ಇಂಥ ಬಿಸಿ ನಕ್ಷತ್ರಗಳಲ್ಲಿ ಬಿಗಿ ಜೋಡಿಗಳು ಬಲು ವಿರಳ. ಹುಟ್ಟಿನಿಂದಲೇ ಹೀಲಿಯಂ ಹೆಚ್ಚಿದ್ದದ್ದು ಕಾರಣವೆಂಬ ವಿವರಣೆಯೇ ನನಗೆ ಹೆಚ್ಚು ಗಟ್ಟಿಯೆನಿಸುತ್ತದೆ. ಎಲ್ಲಕ್ಕೂ ಒಂದೇ ಕಾರಣ ಹುಡುಕುವ ಹಟ ಬೇಡ.

ಮಳೆಗಾಲಕ್ಕೆ ಮುಂಚಿನ ರಾತ್ರಿಗಳಲ್ಲಿ ಚಿತ್ತಾ ನಕ್ಷತ್ರದ ಪಶ್ಚಿಮಕ್ಕೆ ಸಣ್ಣ ದೂರದರ್ಶಕ, ಕ್ಯಾಮೆರಾ ತಿರುಗಿಸಿ. ಎಚ್‌ಡಬ್ಲ್ಯು ವರ್ಜಿನಿಸ್ ಎಂಬ ಉಪಕುಬ್ಜ ಪ್ರತಿ 2 ಗಂಟೆ 48 ನಿಮಿಷಕ್ಕೊಮ್ಮೆ ತನ್ನ ಕೆಂಪು ಜೊತೆಗಾರನ ಹಿಂದೆ ಮರೆಯಾಗಿ ಮಂಕಾಗುತ್ತದೆ. ಆ ಗ್ರಹಣದ ವೇಳೆಯನ್ನು ಸರಿಯಾಗಿ ಬರೆದಿಡಿ. ಅದು ಖಗೋಳ ವಿಜ್ಞಾನಿಗಳಿಗೂ ಬೇಕಾದ ಲೆಕ್ಕ.