ಚರ್ಖಿ ದಾದ್ರಿ ವಿಮಾನ ಡಿಕ್ಕಿ

ಚರ್ಖಿ ದಾದ್ರಿ ವಿಮಾನ ಡಿಕ್ಕಿಯು 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಪಟ್ಟಣದ ಸಮೀಪ ಆಗಸದಲ್ಲಿ ಸಂಭವಿಸಿದ ಅಪಘಾತವಾಗಿದೆ. ಸೌದಿಯಾ ಸಂಸ್ಥೆಯ ಬೋಯಿಂಗ್ 747 ಹಾಗೂ ಕಜಾಕಿಸ್ತಾನ್ ಏರ್‌ಲೈನ್ಸ್‌ನ ಇಲ್ಯುಶಿನ್ 76 ವಿಮಾನಗಳು ಪರಸ್ಪರ ಡಿಕ್ಕಿಯಾಗಿ, ಎರಡರಲ್ಲಿಯೂ ಇದ್ದ ಎಲ್ಲ 349 ಮಂದಿ ಮೃತಪಟ್ಟರು. ಆಗಸದಲ್ಲಿ ನಡೆದ ವಿಮಾನ ಡಿಕ್ಕಿಗಳಲ್ಲಿ ಅತಿ ಹೆಚ್ಚು ಜೀವಹಾನಿಗೆ ಕಾರಣವಾದುದು ಇದೇ ಆಗಿದೆ. ನಿಯಂತ್ರಣ ಕೇಂದ್ರದ ಸೂಚನೆಯನ್ನು ವಿಮಾನದ ಸಿಬ್ಬಂದಿ ಸರಿಯಾಗಿ ಗ್ರಹಿಸದಿದ್ದರೆ ಏನಾಗಬಹುದು ಎಂಬುದಕ್ಕೆ ಈ ಘಟನೆಯನ್ನು ಉದಾಹರಿಸಲಾಗುತ್ತದೆ.

ಹಿನ್ನೆಲೆ

ಸೌದಿಯಾ 763 ವಿಮಾನವು 312 ಮಂದಿಯೊಂದಿಗೆ ದೆಹಲಿಯಿಂದ ಸೌದಿ ಅರೇಬಿಯಾಕ್ಕೆ ಹೊರಟಿತ್ತು. ಪ್ರಯಾಣಿಕರಲ್ಲಿ ಹಲವರು ಉದ್ಯೋಗಕ್ಕಾಗಿ ತೆರಳುತ್ತಿದ್ದ ಭಾರತೀಯರು. ಕಜಾಕಿಸ್ತಾನ್ 1907 ವಿಮಾನವು 37 ಮಂದಿಯೊಂದಿಗೆ ಶಿಮ್ಕೆಂಟ್‌ನಿಂದ ದೆಹಲಿಗೆ ಬರುತ್ತಿತ್ತು. ಆ ಭಾಗದ ವಾಯುಪ್ರದೇಶದ ಬಹುಪಾಲು ಸೇನೆಯ ಬಳಕೆಗೆ ಮೀಸಲಾಗಿದ್ದುದರಿಂದ, ಬರುವ ಮತ್ತು ಹೋಗುವ ನಾಗರಿಕ ವಿಮಾನಗಳು ಒಂದೇ ಮಾರ್ಗವನ್ನು ಬಳಸುತ್ತಿದ್ದವು. ಅವುಗಳ ನಡುವಿನ ಎತ್ತರದ ಅಂತರವೇ ಮುಖ್ಯ ರಕ್ಷಣೆಯಾಗಿತ್ತು. ಅಂದು ದೆಹಲಿಯಲ್ಲಿ ಬಳಕೆಯಲ್ಲಿದ್ದ ಪ್ರಾಥಮಿಕ ರಾಡಾರ್ ವಿಮಾನದ ಸ್ಥಾನವನ್ನು ತೋರಿಸುತ್ತಿತ್ತು, ಎತ್ತರವನ್ನಲ್ಲ. ಎತ್ತರ ತಿಳಿಯಲು ನಿಯಂತ್ರಕರು ರೇಡಿಯೋದಲ್ಲಿ ಬರುವ ಮಾತನ್ನೇ ನಂಬಬೇಕಿತ್ತು.

ಸಂವಹನದ ಕ್ರಮ

ನಿಯಂತ್ರಕರು ಕಜಾಕ್ ವಿಮಾನಕ್ಕೆ 15,000 ಅಡಿಗೆ ಇಳಿಯಲು, ಸೌದಿಯಾ ವಿಮಾನಕ್ಕೆ 14,000 ಅಡಿಗೆ ಏರಲು ಅನುಮತಿ ನೀಡಿದರು. ಕಜಾಕ್ ವಿಮಾನವು 15,000 ಅಡಿ ತಲುಪಿರುವುದಾಗಿ ತಿಳಿಸಿತು. ಎದುರಿನಿಂದ ಬೋಯಿಂಗ್ 747 ಬರುತ್ತಿದೆ, ಕಂಡ ಕೂಡಲೇ ತಿಳಿಸಿ ಎಂದು ನಿಯಂತ್ರಕರು ಎಚ್ಚರಿಸಿದರು. ಎಷ್ಟು ದೂರದಲ್ಲಿದೆ ಎಂದು ಕಜಾಕ್ ಸಿಬ್ಬಂದಿ ಕೇಳಿದಾಗ, ದೂರದೊಂದಿಗೆ ಅದರ ಎತ್ತರ 14,000 ಅಡಿ ಎಂಬುದನ್ನೂ ತಿಳಿಸಲಾಯಿತು. ಆದರೆ ಕಜಾಕ್ ವಿಮಾನವು 15,000 ಅಡಿಯಲ್ಲಿ ನಿಲ್ಲದೆ ಇಳಿಯುತ್ತಲೇ ಇತ್ತು.

ಆ ವಿಮಾನದಲ್ಲಿ ನಿಯಂತ್ರಣ ಕೇಂದ್ರದೊಂದಿಗೆ ಮಾತನಾಡುತ್ತಿದ್ದವರು ಚಾಲಕರಲ್ಲ, ರೇಡಿಯೋ ನಿರ್ವಾಹಕರು. ಅವರ ಮುಂದೆ ಎತ್ತರಮಾಪಕವಿರಲಿಲ್ಲ. ಚಾಲಕರ ಉಪಕರಣಗಳನ್ನು ಹಿಂದಿನಿಂದ ನೋಡಿ ಓದಬೇಕಿತ್ತು. ಹೀಗಾಗಿ ಸೂಚನೆಯನ್ನು ಕೇಳಿ ಉತ್ತರಿಸಿದವರು ಒಬ್ಬರು, ವಿಮಾನವನ್ನು ನಡೆಸುತ್ತಿದ್ದವರು ಇನ್ನೊಬ್ಬರು. ಕೊನೆಯ ಕ್ಷಣದಲ್ಲಿ ಅಪಾಯವನ್ನರಿತ ನಿರ್ವಾಹಕರು ಮತ್ತೆ 15,000 ಅಡಿಗೆ ಏರುವಂತೆ ಚಾಲಕರನ್ನು ಒತ್ತಾಯಿಸಿದರು. ವಿಮಾನವು ಏರತೊಡಗಿದಾಗಲೇ ಸುಮಾರು 14,000 ಅಡಿ ಎತ್ತರದಲ್ಲಿ ಅದರ ಬಾಲಭಾಗವು ಬೋಯಿಂಗ್‌ನ ಎಡರೆಕ್ಕೆಯನ್ನು ಸೀಳಿತು.

ತನಿಖೆ

ಅಂದು ದೆಹಲಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಆರ್. ಸಿ. ಲಾಹೋಟಿ ಅವರ ನೇತೃತ್ವದ ಆಯೋಗವು ತನಿಖೆ ನಡೆಸಿತು. ಕಜಾಕ್ ವಿಮಾನವು ಅನುಮತಿಯಿಲ್ಲದೆ ನಿಗದಿತ ಎತ್ತರಕ್ಕಿಂತ ಕೆಳಗಿಳಿದುದೇ ಅಪಘಾತದ ಮೂಲ ಕಾರಣವೆಂದು ಅದು ನಿರ್ಣಯಿಸಿತು. ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ಕೊರತೆ ಮತ್ತು ಅವರ ನಡುವಿನ ಸಮನ್ವಯದ ಅಭಾವವನ್ನು ಪೂರಕ ಕಾರಣಗಳೆಂದು ಗುರುತಿಸಿತು.

ಪರಿಣಾಮಗಳು

ಅಪಘಾತದ ನಂತರ ದೆಹಲಿಗೆ ಬರುವ ಮತ್ತು ಅಲ್ಲಿಂದ ಹೊರಡುವ ವಿಮಾನಗಳಿಗೆ ಪ್ರತ್ಯೇಕ ಮಾರ್ಗಗಳನ್ನು ನಿಗದಿಪಡಿಸಲಾಯಿತು. ಎತ್ತರವನ್ನೂ ತೋರಿಸುವ ದ್ವಿತೀಯಕ ರಾಡಾರ್ ಬಳಕೆಗೆ ಬಂದಿತು. ಎದುರಿನ ವಿಮಾನವನ್ನು ತಾನೇ ಗುರುತಿಸಿ ಚಾಲಕರನ್ನು ಎಚ್ಚರಿಸುವ ಡಿಕ್ಕಿ ನಿವಾರಣಾ ಸಾಧನವನ್ನು ಭಾರತದ ವಾಯುಪ್ರದೇಶದಲ್ಲಿ ಹಾರುವ ವಾಣಿಜ್ಯ ವಿಮಾನಗಳಿಗೆ ಕಡ್ಡಾಯಗೊಳಿಸಲಾಯಿತು.